ಇಲಿಯಕ್ಕನ ಐದು ನಿಮಿಷ

ನಮ್ಮ ಪ್ರಯೋಗಾಲಯದ ಇಲಿಮನೆಯನ್ನು ಇಪ್ಪತ್ತಾರು ವರ್ಷ ನೋಡಿಕೊಂಡವಳನ್ನು ಎಲ್ಲರೂ ಇಲಿಯಕ್ಕ ಎನ್ನುತ್ತಿದ್ದರು. ಓದಿದ್ದು ಏಳನೆಯ ತರಗತಿ. ಗಂಡ ಟೈಲರ್, ಅವನು ಹೊಲಿದುಕೊಟ್ಟ ದೊಡ್ಡ ಜೇಬಿನ ಏಪ್ರನ್ನೇ ಅವಳ ಸಮವಸ್ತ್ರ. ಪ್ರಾಣಿದಯೆಯ ಮಾತನ್ನು ಅವಳು ಆಡಿದವಳಲ್ಲ. ಇಲಿಗಳಿಗೆ ಹೆಸರಿಡುವವರನ್ನು ಕಂಡರೆ ನಗುತ್ತಿದ್ದಳು. ಆದರೆ ಪ್ರಯೋಗಕ್ಕೆ ಹತ್ತು ದಿನ ಮುಂಚಿನಿಂದಲೇ ಪ್ರತಿಯೊಂದು ಇಲಿಯನ್ನೂ ದಿನಕ್ಕೆ ಐದು ನಿಮಿಷ ಆ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಳು. ಅದಕ್ಕೆ 'ಕೈ ಬಳಕೆ' ಎಂದು ಅವಳೇ ಹೆಸರಿಟ್ಟಿದ್ದಳು.

ನಲವತ್ತು ಇಲಿಗಳೆಂದರೆ ದಿನಕ್ಕೆ ಮೂರು ಗಂಟೆಗೂ ಮೇಲೆ. ಹೊಸದಾಗಿ ಬಂದ ಸಂಶೋಧಕ ಅದನ್ನು ದಂಡದ ಕೆಲಸ ಎಂದ. ನಿಲ್ಲಿಸುವ ಆದೇಶಕ್ಕೆ ಸಹಿ ಹಾಕಿದವಳು ಪ್ರಯೋಗಾಲಯದ ಮುಖ್ಯಸ್ಥೆಯಾದ ನಾನು.

ನಾವು ಪರೀಕ್ಷಿಸುತ್ತಿದ್ದದ್ದು ಕೃತಕವಾಗಿ ತಯಾರಿಸಿದ ಒಂದು ಪೆಪ್ಟೈಡನ್ನು: ಆರು ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಮೆದುಳಿನ ಬುಡದಲ್ಲಿರುವ ಗ್ರಂಥಿಯನ್ನು ಅದು ಎಬ್ಬಿಸಿ, ಬೆಳವಣಿಗೆಯ ಹಾರ್ಮೋನು ರಕ್ತಕ್ಕೆ ಇಳಿಯುವಂತೆ ಮಾಡಬೇಕು. ಗಾಜಿನ ತಟ್ಟೆಯ ಜೀವಕೋಶಗಳಲ್ಲಿ ಮಾಡಿಯೂ ಇತ್ತು. ಇಲಿಗಳಲ್ಲಿ ಮಾತ್ರ ಮೂರು ಸಲವೂ ಸೊನ್ನೆ. ಪೆಪ್ಟೈಡ್ ನಿಷ್ಪ್ರಯೋಜಕ, ಇಲಿಮನೆ ಮುಚ್ಚಬಹುದು ಎಂದು ಸಂಶೋಧಕ ವರದಿ ಬರೆದ. ಮುಚ್ಚಿದರೆ ಇಲಿಯಕ್ಕನ ಕೆಲಸವೂ ಹೋದಂತೆಯೇ.

ಅವನು ವರದಿ ತಂದಾಗಲೇ ಅವಳೂ ನನ್ನ ಕೋಣೆಗೆ ಬಂದಳು.

"ಔಷಧಿ ಕೆಟ್ಟದ್ದಲ್ಲ ಮೇಡಂ. ಕೈ ಬಳಕೆ ನಿಂತ ಮೇಲೆ ಇಲಿ ಹೆದರಿಕೊಂಡಿದೆ. ಹೆದರಿದ ಹಸು ಹಾಲು ಕೊಡುತ್ತಾ?"

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ," ಎಂದ ಸಂಶೋಧಕ.

"ಕುಣಿದೋರು ನೀವಲ್ವೇನಪ್ಪಾ? ನಾನು ನೆಲ ನೋಡ್ಕೊಳ್ಳೋಳು. ಡೊಂಕಾಗಿದೆ ಅಂತ ನಾನೇ ಹೇಳ್ತಿದೀನಿ. ಅರ್ಧ ಇಲಿ ನಂಗೆ ಕೊಡಿ. ಹತ್ತೇ ದಿನ."

ಕೊಟ್ಟೆ. ಇಪ್ಪತ್ತು ಇಲಿಗಳು ಜೇಬು ಹತ್ತಿದವು, ಇಪ್ಪತ್ತು ಪಂಜರದಲ್ಲೇ ಉಳಿದವು. ಎರಡೂ ಗುಂಪಿನಲ್ಲಿ ಅರ್ಧಕ್ಕೆ ಪೆಪ್ಟೈಡ್, ಅರ್ಧಕ್ಕೆ ಬರಿಯ ಉಪ್ಪುನೀರು. ರಕ್ತದ ನಳಿಕೆಗಳ ಮೇಲೆ ಬರೀ ಸಂಖ್ಯೆ. ಯಾವುದು ಯಾವ ಇಲಿಯದೆಂಬ ಪಟ್ಟಿ ನನ್ನ ಬೀರುವಿನಲ್ಲಿ.

ಫಲಿತಾಂಶ ಬಂದ ಬೆಳಿಗ್ಗೆ ಪಟ್ಟಿಯನ್ನು ಇಬ್ಬರ ಎದುರಿಗೇ ತೆರೆದೆ. ಪಂಜರದ ಇಲಿಗಳಲ್ಲಿ ಏನೂ ಇಲ್ಲ. ಜೇಬು ಹತ್ತಿ ಉಪ್ಪುನೀರು ಪಡೆದವುಗಳಲ್ಲೂ ಏನೂ ಇಲ್ಲ. ಜೇಬು ಹತ್ತಿ ಪೆಪ್ಟೈಡ್ ಪಡೆದ ಹತ್ತರಲ್ಲಿ ಹತ್ತಕ್ಕೂ ಹದಿನೈದು ನಿಮಿಷದೊಳಗೆ ಹಾರ್ಮೋನು ಎಂಟು ಪಟ್ಟು ಏರಿತ್ತು.

ಭಯ ಇಲಿಗಳಲ್ಲಿ ಈ ಹಾರ್ಮೋನಿಗೆ ಬೀಗ ಹಾಕುತ್ತದೆ. ಅದು ಪುಸ್ತಕದಲ್ಲಿತ್ತು; ನಾನೇ ಪಾಠ ಮಾಡಿದ್ದೆ. ಸಹಿ ಹಾಕುವಾಗ ನೆನಪಾಗಲಿಲ್ಲ.

ನನ್ನ ಆದೇಶವನ್ನು ಅವಳೆದುರಿಗೇ ಹರಿದೆ. ಪ್ರಬಂಧದ ಲೇಖಕರಲ್ಲಿ ಅವಳ ಹೆಸರು ಎರಡನೆಯದಾಗಿ ಅಚ್ಚಾಯಿತು. ಟೈಲರ್ ಗಂಡ ಆ ಪುಟಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ನೇತುಹಾಕಿದ.

ಸಂಶೋಧಕ ಇಲಿಮನೆಯ ಬಾಗಿಲಲ್ಲಿ ನಿಂತು, "ಅಕ್ಕಾ, ನಂಗೂ ಒಂದು ಏಪ್ರನ್ ಹೊಲಿಸಿಕೊಡ್ತೀರಾ?" ಎಂದು ಕೇಳಿದ.

ಅವಳು ಮೂಗರಳಿಸಿ ಗಾಳಿ ಮೂಸಿದಳು.

"ಹೊಲಿಸೋಣ. ಮೊದಲು ಹೋಗಿ ಆ ಸೆಂಟು ತೊಳ್ಕೊಂಡು ಬಾ."