ಮನೆಯೊಳಗಿನ ಐದಡಿ

ಹೊಸ ಮನೆಯಲ್ಲಿ ನಮ್ಮತ್ತೆಗೆ ಬೇಕಾಗಿದ್ದದ್ದು ಒಂದೇ: ಅಡಿಗೆಮನೆಗೊಂದು ಕಿಟಕಿ. ಮದುವೆಯಾಗಿ ಕುಂದಾಪುರದಿಂದ ಬಂದಾಗಿನಿಂದ ಅವರಿದ್ದದ್ದು ತಮಿಳರ ನಡುವೆ, ತ್ರಿಪ್ಲಿಕೇನಿನಲ್ಲಿ, ಮಾವನವರ ಮೆಸ್ಸಿನ ಹಿಂದುಗಡೆ. ಎರಡೂ ಕಡೆ ಪಕ್ಕದವರ ಗೋಡೆಯೇ ನಮ್ಮ ಗೋಡೆ. ಅವರು ಮೊಳೆ ಹೊಡೆದರೆ ನಮ್ಮ ಡಬ್ಬಿಗಳು ಕುಣಿಯುತ್ತಿದ್ದವು. ಮಟಮಟ ಮಧ್ಯಾಹ್ನವೂ ಅಡಿಗೆಮನೆಯಲ್ಲಿ ಟ್ಯೂಬ್‌ಲೈಟ್ ಉರಿಯಲೇಬೇಕು.

ಕೊನೆಗೆ ಅಣ್ಣಾ ನಗರದಿಂದಲೂ ಆಚೆ ಒಂದು ಸೈಟು ಕೊಂಡೆವು. ಎಂಜಿನಿಯರ್ ನಕ್ಷೆ ತೋರಿಸಲು ಬಂದ ದಿನ ನಾನು ಆಫೀಸಿನಲ್ಲಿದ್ದೆ. ಸಂಜೆ ಬಂದರೆ ಅತ್ತೆ ಮುಖ ಊದಿಸಿಕೊಂಡು ಕೂತಿದ್ದಾರೆ. ಮನೆಯೊಳಗೆ ಪಕ್ಕದಲ್ಲಿ ಐದಡಿ ಖಾಲಿ ಬಿಡಬೇಕಂತೆ, ಸರಕಾರದ ರೂಲಂತೆ. ಅಡಿಗೆಮನೆ ಇರುವುದೇ ಎಂಟಡಿ. ಉಳಿದದ್ದರಲ್ಲಿ ಒಲೆ ಇಡುವುದೋ, ತಾನು ನಿಲ್ಲುವುದೋ? ನನಗೆ ತಲೆಬುಡ ತಿಳಿಯಲಿಲ್ಲ. ಎಂಜಿನಿಯರ್ ಬಂದಾಗ ಪಕ್ಕದಲ್ಲೇ ಕೂತಿದ್ದ ನನ್ನ ಗಂಡ ಮೊಬೈಲ್ ನೋಡುತ್ತಾ ಇಬ್ಬರಿಗೂ ಹೂಂಗುಟ್ಟಿದ್ದರು. ಅವರನ್ನು ಕೇಳಿ ಏನು ಪ್ರಯೋಜನ, ಬಿಡಿ.

ಅತ್ತೆ ಒಂದು ಉಪಾಯ ತೆಗೆದರು. ಅಡಿಗೆಮನೆಯನ್ನು ಕಾಂಪೌಂಡಿಗೇ ಅಂಟಿಸಿ ಕಟ್ಟಿದರೆ ಹೋದ ಐದಡಿ ವಾಪಸು ಬರುತ್ತದಲ್ಲ! ಗಂಡ ಹೂಂ ಎಂದು ಫೋನು ಮಾಡಿದರು. ಹಾಗೆ ಕಟ್ಟಿದರೆ ಅಪ್ರೂವಲ್ ಸಿಗಲ್ಲ, ಆ ಗೋಡೆಗೆ ಕಿಟಕಿಯನ್ನೂ ಇಡುವಂತಿಲ್ಲ ಎಂದನಂತೆ ಎಂಜಿನಿಯರ್.

"ಹಾಗಾದ್ರೆ ನಂಗೆ ತ್ರಿಪ್ಲಿಕೇನೇ ಸಾಕು" ಎಂದ ಅತ್ತೆ ಆ ದಿನ ಊಟಕ್ಕೂ ಏಳಲಿಲ್ಲ. ನನಗೆ ಕನಿಕರವಾಯಿತು. ಸಿಟ್ಟೂ ಬಂತು.

ಭಾನುವಾರ ಅವರನ್ನು ಸೈಟಿಗೆ ಎಳೆದುಕೊಂಡು ಹೋದೆ. ಎಂಜಿನಿಯರ್ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿಟ್ಟಿದ್ದ. ಹೊರಗಿನ ಗೆರೆ ತೋರಿಸಿ "ಇದು ಮನೈ" ಎಂದ, ಒಳಗಿನದನ್ನು ತೋರಿಸಿ "ಇದು ವೀಡು." ಖಾಲಿ ಬಿಡಬೇಕಾದದ್ದು ಇವೆರಡರ ನಡುವೆ. ತಮಿಳಿನಲ್ಲಿ ಮನೈ ಅಂದರೆ ಸೈಟು! ಅತ್ತೆಗೆ ಬರುವುದು ತರಕಾರಿ ಕೊಳ್ಳುವ ತಮಿಳು, ಅದರಲ್ಲಿ ಮನೆಗೆ ವೀಡು ಅಂತಲೇ ಹೆಸರು. ಆತ ಮನೈಯೊಳಗೆ ಐದಡಿ ಎಂದಾಗ, ಪಾಪ, ಹುಡುಗ ನಮಗೋಸ್ಕರ ಕನ್ನಡ ಕಲಿತು ಬಂದಿದ್ದಾನೆ ಅಂದುಕೊಂಡಿದ್ದರಂತೆ.

ನಗು ತಡೆಯಲಾರದೆ ನಾನು ಬೆನ್ನು ತಿರುಗಿಸಿ ನಿಂತೆ. ಅತ್ತೆ ಆ ಐದಡಿಯಲ್ಲಿ ಅತ್ತಿಂದಿತ್ತ ನಡೆದು ನೋಡಿದರು. ಪಕ್ಕದವರೂ ಇಷ್ಟೇ ಬಿಡಬೇಕಾ ಎಂದು ವಿಚಾರಿಸಿದರು. ಹೌದೆಂದಾಗ, ಹಾಗಿದ್ದರೆ ನಾವು ಕಿಟಕಿಗೆ ಇನ್ನೊಂದಡಿ ಬಿಡುವ, ಅಡಿಗೆಮನೆ ಸಣ್ಣದಾದರೂ ಅಡ್ಡಿಲ್ಲ ಎಂದರು. ಗಂಡ ಹೂಂ ಎಂದರು.

ಗೃಹಪ್ರವೇಶದ ಮರುದಿನ ಮಧ್ಯಾಹ್ನ ಅಡಿಗೆಮನೆಗೆ ಹೋದ ಅತ್ತೆ ಅಭ್ಯಾಸದಂತೆ ಲೈಟಿನ ಸ್ವಿಚ್ಚು ಒತ್ತಿದರು. ಉರಿದದ್ದೇ ಗೊತ್ತಾಗಲಿಲ್ಲ. ಆರಿಸಿದರು, ಹಾಕಿದರು, ಮತ್ತೆ ಆರಿಸಿದರು. ಏನೂ ವ್ಯತ್ಯಾಸವಿಲ್ಲ. ಕಿಟಕಿಯತ್ತ ನೋಡುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಈ ಲೈಟು ಯಾರು ಹಾಕಿಸಿದ್ದು ಮಾರಾಯ್ತಿ, ದಂಡಕ್ಕೆ" ಎಂದರು.