ಭಾನುವಾರದ ಮೊಬೈಲ್ ವ್ರತ

ಶನಿವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಮೊಬೈಲ್ ಆಫ್ ಮಾಡಿದರೆ ಭಾನುವಾರ ರಾತ್ರಿ ಊಟ ಆಗುವವರೆಗೂ ನಾನು ಅದನ್ನು ಮುಟ್ಟುವುದಿಲ್ಲ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಪಾಠ ಹೇಳುವ ಒಂಟಿ ಮನುಷ್ಯನಿಗೆ ಇದೇನು ಮಹಾ ತಪಸ್ಸಲ್ಲ. ಆದರೆ ಬೇಕಾಗಿತ್ತು. ಒಂದು ಪುಟ ಓದುವಷ್ಟರಲ್ಲಿ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ಯಾರದೋ ಗೃಹಪ್ರವೇಶ, ಯಾರದೋ ಜಗಳ ನೋಡಿ ತಲೆ ಎತ್ತಿದರೆ ಒಲೆಯ ಮೇಲಿನ ಹಾಲು ಉಕ್ಕಿ ಹೋಗಿರುತ್ತಿತ್ತು. ನಮ್ಮಮ್ಮ ಶನಿವಾರ ಒಪ್ಪತ್ತು ಮಾಡುತ್ತಿದ್ದಳು. ನಾನು ಮೊಬೈಲನ್ನು ಉಪವಾಸ ಕೆಡವಿದೆ.

ಆಫ್ ಮಾಡುವ ಮುಂಚೆ ಅರಕಲಗೂಡಿನ ದೊಡ್ಡಮ್ಮನಿಗೆ ಫೋನ್ ಮಾಡುವುದು ರೂಢಿ. ಅಪ್ಪನ ಅಣ್ಣನ ಹೆಂಡತಿ. ಅಮ್ಮ ಹೋದ ಮೇಲೆ ನನ್ನನ್ನೂ ಅಕ್ಕನನ್ನೂ ತನ್ನ ಮಗನ ಪಕ್ಕದಲ್ಲೇ ಎಲೆ ಹಾಕಿ ಕೂರಿಸಿ ಬೆಳೆಸಿದವಳು. "ನಾಳೆ ರಾತ್ರಿವರೆಗೂ ಸಿಗಲ್ಲ ದೊಡ್ಡಮ್ಮ" ಎಂದರೆ, "ಆಯ್ತು ಕಣೋ, ಅಲ್ಲೀವರೆಗೂ ನಾನು ಸಾಯಲ್ಲ ಬಿಡು" ಎನ್ನುತ್ತಿದ್ದಳು. ಪ್ರತಿ ವಾರ ಅದೇ ಮಾತು, ಅದೇ ನಗು.

ಅಕ್ಕನ ಮಗಳ ಮದುವೆ ಹಾಸನದ ಒಂದು ಛತ್ರದಲ್ಲಿ ಭಾನುವಾರ ಬೆಳಿಗ್ಗೆ. ಗಂಡಿನವರು ಚನ್ನರಾಯಪಟ್ಟಣದ ಕಡೆಯವರು. ಮಂಡಿನೋವಿನ ದೊಡ್ಡಮ್ಮ ಬರುವ ಹಾಗಿರಲಿಲ್ಲ. ಹಿಂದಿನ ಸಂಜೆ ಛತ್ರದ ಹಿತ್ತಲಲ್ಲಿ ನಿಂತು ಫೋನ್ ಮಾಡಿ, ಮದುವೆ ಮುಗಿಸಿಕೊಂಡು ಚಿರೋಟಿ ತರುತ್ತೇನೆ ಎಂದೆ. "ಸಕ್ಕರೆಪುಡಿ ಬೇರೆ ಕಟ್ಟಿಸ್ಕೊಂಡ್ ಬಾ" ಎಂದಳು. ಸಾಯಲ್ಲ ಬಿಡು ಎಂಬುದನ್ನೂ ಮರೆಯದೆ ಹೇಳಿದಳು. ಫೋನ್ ಆಫ್ ಮಾಡಿ ಅಕ್ಕನ ಕೈಗೆ ಕೊಟ್ಟೆ.

"ಮದುವೆ ಮನೇಲೂ ನಿನ್ನ ವ್ರತಾನೇನೋ?" ಎಂದು ಬೈದುಕೊಂಡೇ ಅವಳು ಅದನ್ನು ಒಡವೆಯ ಪೆಟ್ಟಿಗೆಗೆ ಹಾಕಿದಳು.

ಆ ಭಾನುವಾರದಷ್ಟು ಸುಖವಾಗಿ ನಾನು ಯಾವ ಮದುವೆಯಲ್ಲೂ ಇದ್ದದ್ದಿಲ್ಲ. ಎಲ್ಲರೂ ಫೋನ್ ಎತ್ತಿ ಹಿಡಿದು ಅದರೊಳಗಿನ ಮದುವೆ ನೋಡುತ್ತಿದ್ದರು, ನಾನು ಎದುರಿಗಿದ್ದದ್ದನ್ನೇ ನೋಡಿದೆ. ಸೋದರಮಾವನಾಗಿ ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತಂದೆ. ಅವಳ ಅಂಗೈ ಬೆವತಿತ್ತು. ಓಲಗ ಜೋರಾದಾಗ ಅಕ್ಕನ ಮುಖ ನೋಡಿದರೆ ಕಣ್ಣು ಕೆಂಪಗಿತ್ತು. ಹೆತ್ತ ಕರುಳು, ಸಹಜ ಅಂದುಕೊಂಡೆ. ರಾತ್ರಿ ಛತ್ರದಲ್ಲೇ ಇದ್ದ ನಮ್ಮ ಕಡೆಯ ನೆಂಟರು ಬೆಳಿಗ್ಗೆ ಒಬ್ಬರೂ ಕಾಣಲಿಲ್ಲ. ಎಲ್ಲೋ ತಿಂಡಿಯ ಪಂಕ್ತಿಯಲ್ಲಿರಬೇಕು ಅಂದುಕೊಂಡೆ. ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡೆ.

ಹೆಣ್ಣು ಒಪ್ಪಿಸಿದ ಮೇಲೆ, ಚಿರೋಟಿ ಪೊಟ್ಟಣ ಕೈಯಲ್ಲಿ ಹಿಡಿದು, ಅರಕಲಗೂಡಿನ ಬಸ್ಸಿಗೆ ಹೊರಟವನು ಅಕ್ಕನಿಗೆ ಹೇಳಲು ಹೋದೆ. ನಾನು ಕೇಳದಿದ್ದರೂ ಅವಳು ನನ್ನ ಫೋನ್ ತಂದು ಕೊಟ್ಟಳು.

"ದೊಡ್ಡಮ್ಮ ನಿನ್ನೆ ರಾತ್ರಿ ಹೋಗ್ಬಿಟ್ಲು ಕಣೋ. ನಿನ್ನ ಫೋನ್ ಆಫ್ ಅಂತ ಅರಕಲಗೂಡಿಂದ ಅಣ್ಣ ನನಗೆ ಮಾಡಿದ್ದ. ಬೆಳಿಗ್ಗೆನೇ ಎಲ್ಲಾ ಮುಗಿಸಿದ್ರಂತೆ."

ನಮ್ಮಲ್ಲಿ ಸುದ್ದಿ ಕಿವಿಗೆ ಬಿದ್ದ ಮೇಲೆಯೇ ಸೂತಕ. ಅಕ್ಕ ಕೊಟ್ಟ ಹೆಣ್ಣು, ಬೇರೆ ಗೋತ್ರಕ್ಕೆ ಸೇರಿದವಳು, ಅವಳ ಮನೆಯ ಮದುವೆಗೆ ಅಡ್ಡಿಯಿಲ್ಲ. ಅಡ್ಡಿಯಿದ್ದದ್ದು ನನಗೆ. ಕೇಳಿದ್ದರೆ ನಾನು ಮಂಟಪದ ಹತ್ತಿರವೂ ಸುಳಿಯುವಂತಿರಲಿಲ್ಲ. ಕೇಳಿದ್ದ ನೆಂಟರು ಸದ್ದಿಲ್ಲದೆ ಬೆಳಗಿನ ಮೊದಲ ಬಸ್ಸಿಗೆ ಅರಕಲಗೂಡಿಗೆ ಹೋಗಿದ್ದರು. ನಾನು ಮಾತ್ರ ಛತ್ರದಲ್ಲಿ ಮಡಿಯಾಗಿ ಉಳಿದಿದ್ದೆ.

"ಹೇಳಿದ್ರೆ ಮದುವೆಗೆ ಸೋದರಮಾವ ಇಲ್ಲ, ಹೇಳ್ದಿದ್ರೆ ನಿನಗೆ ದೊಡ್ಡಮ್ಮನ ಮುಖ ನೋಡೋಕಿಲ್ಲ. ನಾನೇನ್ ಮಾಡ್ಲಿ? ನೀನೇ ತಾನೆ ಫೋನ್ ಕೈಗೆ ಕೊಟ್ಟಿದ್ದು" ಎಂದು ಅಕ್ಕ ಆಗ ಅತ್ತಳು. ರಾತ್ರಿಯಿಂದ ಕಟ್ಟಿಕೊಂಡಿದ್ದ ಅಳು. ಅವಳಿಗೂ ದೊಡ್ಡಮ್ಮನೇ ಅಲ್ಲವೇ ತಾಯಿ?

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಅಕ್ಕ ಮಾಡಿದ್ದು ತಪ್ಪು ಅನ್ನಲು ಹೋದರೆ ಹುಡುಗಿಯ ಬೆವತ ಅಂಗೈ ನೆನಪಾಗುತ್ತಿತ್ತು. ಸರಿ ಅನ್ನಲು ಹೋದರೆ, ಹಾಸನದಿಂದ ಅರಕಲಗೂಡು ಎಷ್ಟು ದೂರ ಮಹಾ, ಬಾಯಿಗೊಂದು ತೊಟ್ಟು ನೀರು ಬಿಡಲೂ ನಾನಿರಲಿಲ್ಲ. ನನ್ನ ನೆಮ್ಮದಿಗೆಂದು ಹಿಡಿದ ವ್ರತ ಇದು. ನೆಮ್ಮದಿ ಸಿಕ್ಕಿದ್ದೂ ನಿಜ. ಅಲ್ಲಿ ಚಿತೆ ಉರಿಯುವಾಗ ಇಲ್ಲಿ ಪಾಯಸ ಉಣ್ಣುವಷ್ಟು ನೆಮ್ಮದಿ. ಅದನ್ನು ಈಗ ಏನೆಂದು ನೆನೆಸಿಕೊಳ್ಳಲಿ?

ಚಿರೋಟಿ ಏನಾಯಿತೋ ನೆನಪಿಲ್ಲ. ಛತ್ರದ ಹಿತ್ತಲಿನ ನಲ್ಲಿಯ ಕೆಳಗೆ ಕೂತು ತಲೆಗೆ ನೀರು ಸುರಿದುಕೊಂಡು, ಒದ್ದೆ ತಲೆಯಲ್ಲೇ ಬಸ್ಸು ಹತ್ತಿದೆ.

ಸೂತಕ ಕಳೆದ ಮೇಲಿನ ಶನಿವಾರ ಹೊಳೆನರಸೀಪುರಕ್ಕೆ ವಾಪಸ್ ಬಂದಿದ್ದೆ. ದೀಪ ಹಚ್ಚಿ ಫೋನ್ ಹಿಡಿದು ಕೂತೆ. ಆಫ್ ಮಾಡಲೂ ಹೆದರಿಕೆ, ಮಾಡದಿರಲೂ ಬೇಸರ. ಕೈ ರೂಢಿಯಂತೆ ಅರಕಲಗೂಡಿನ ನಂಬರ್ ಒತ್ತಿತು. ದೊಡ್ಡಮ್ಮನ ಮಗ ಎತ್ತಿದ. ಏನು ಹೇಳಬೇಕೋ ತೋಚದೆ, "ನಾಳೆ ರಾತ್ರಿವರೆಗೂ ಸಿಗಲ್ಲ ಅಣ್ಣ" ಎಂದುಬಿಟ್ಟೆ.

ತಾಯಿ ಪ್ರತಿ ವಾರ ಹೇಳುತ್ತಿದ್ದದ್ದನ್ನು ಅವನೂ ಕೇಳಿಸಿಕೊಂಡವನೇ.

"ಆಯ್ತು ಕಣೋ" ಎಂದ. "ಅಮ್ಮನ ಹಾಗೆ ನಾನು ಮಾತು ಕೊಡೋಕಾಗಲ್ಲ, ನೋಡು."