ಗ್ರಂಧಿಗೆ ಅಂಗಡಿಯ ಅಮ್ಮ ಮತ್ತು ನನ್ನ ವೆಬ್‌ಸೈಟು

ಅಮ್ಮನ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಯಾವಾಗಲೂ ಕಂದು ಬಣ್ಣ. ಅಳಲೆಕಾಯಿ, ಬಜೆ, ಬಾವಂಚಿ ಎಲ್ಲವನ್ನೂ ಚಿವುಟಿ ಚಿವುಟಿ ತೂಗಿದ್ದರಿಂದ ಬಂದ ಬಣ್ಣ ಅದು. ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ನಂಜನಗೂಡಿನ ಪೇಟೆ ಬೀದಿಯಲ್ಲಿ ಆಕೆಯ ಗ್ರಂಧಿಗೆ ಅಂಗಡಿ. ನಾರುಬೇರು, ಲೇಹ್ಯ, ಎಣ್ಣೆ ಮಾರುವ ಅಂಗಡಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದರು. ಹಣೆತುಂಬ ವಿಭೂತಿ, ಬಾಯಲ್ಲಿ ಲವಂಗ. ಊರಿಗೆಲ್ಲ ಆಕೆ ಅಮ್ಮ.

ನನಗೂ ಅಮ್ಮನಿಗೂ ಪರಿಚಯವಾದದ್ದೇ ಜಗಳದಿಂದ. ತೊಂಬತ್ತರ ದಶಕ, ನಾನಾಗ ಪಿಯುಸಿ. ಹದಿನಾರು ಅನ್ನುವ ನಮ್ಮ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದೆ. ಒಂದು ದಿನ ನಮ್ಮವ್ವ ಅರ್ಧ ಹರಿದ ಕ್ಯಾಲೆಂಡರ್ ಚೂರೊಂದನ್ನು ಕೊಟ್ಟು, ಅಮ್ಮನ ಅಂಗಡಿಯಿಂದ ಪೊಟ್ಟಣ ತಾ ಅಂದಳು. ಚೂರಿನ ಮೇಲೆ ಹನ್ನೆರಡು ಅಂತ ಬರೆದಿತ್ತು. ಅಮ್ಮ ಅದನ್ನು ನೋಡಿ, ನನ್ನ ಮುಖ ನೋಡಿ, ವಾಪಸು ಕೊಟ್ಟರು.

"ನಿಮ್ಮವ್ವನ್ನೇ ಕಳ್ಸು ಮಗ."

"ಚೀಟಿ ಐತಲ್ಲಾ ಅಮ್ಮ, ನಾನ್ ಅವ್ರ ಮಗ್ಳೇ."

"ಮಗ್ಳೇ ಇರ್ಬೋದು. ತಕ್ಕಂಡೋರು ನೀನಲ್ವಲ್ಲ."

ಅದು ಆಕೆಯ ಪದ್ಧತಿ. ಯಾರು ಬಂದು ಕಿವಿಯಲ್ಲಿ ಕಾಯಿಲೆ ಹೇಳಿಕೊಂಡರೂ ಹೆಸರು ಬರೆಯುತ್ತಿರಲಿಲ್ಲ. ಹಳೆಯ ಕ್ಯಾಲೆಂಡರ್ ಹಾಳೆಯ ಚೂರಿನ ಮೇಲೆ ಎರಡು ಕಡೆ ಒಂದೇ ನಂಬರು ಬರೆದು, ಹರಿದು, ಅರ್ಧವನ್ನು ಗಿರಾಕಿಗೆ ಕೊಟ್ಟು ಇನ್ನರ್ಧವನ್ನು ಪೊಟ್ಟಣಕ್ಕೆ ಸಿಕ್ಕಿಸುವುದು. ಮಧ್ಯಾಹ್ನ ಪುಡಿ ಕುಟ್ಟಿ ಸಿದ್ಧವಾದಾಗ ನಂಬರು ಕೂಗುವುದು, ಮುಖ ನೋಡಿ ಕೊಡುವುದು. ಮಕ್ಕಳಾಗದವರು, ಮೂಲವ್ಯಾಧಿಯವರು, ಚರ್ಮದ ತೊಂದರೆಯವರು, ಎಲ್ಲರೂ ಅಲ್ಲಿ ಬರೀ ನಂಬರು. ನಾನಂತೂ ಆ ದಿನ ಉರಿದುಕೊಂಡೇ ಬಸ್ಸು ಹತ್ತಿದೆ. ನಮ್ಮವ್ವನಿಗೆ ಏನಾಗಿತ್ತು ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.

ಕೆಲವು ವರ್ಷ ಕಳೆದು, ಮೈಸೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಅಮ್ಮನ ಅಂಗಡಿಯಿಂದ ಮೂರನೆಯ ಮಳಿಗೆಯಲ್ಲಿ ಟೈಪಿಂಗು, ಜೆರಾಕ್ಸ್ ಅಂಗಡಿ ಇಟ್ಟೆ. ಇಂಟರ್ನೆಟ್ಟು ಆಗಷ್ಟೇ ಊರಿಗೆ ಬಂದಿತ್ತು. ನನಗೋ ಕಲಿತದ್ದನ್ನು ತೋರಿಸಿಕೊಳ್ಳುವ ಚಪಲ. "ಅಮ್ಮ, ನಿಮ್ಮಂಗಡಿಗೊಂದು ವೆಬ್‌ಸೈಟ್ ಮಾಡ್ಕೊಡ್ತೀನಿ. ದೂರದೋರು ಅಲ್ಲೇ ಆರ್ಡರ್ ಬರೀತಾರೆ, ನೀವು ಅಂಚೇಲಿ ವಿಪಿಪಿ ಮಾಡಿ ಕಳಿಸಿದ್ರೆ ಆಯ್ತು, ದುಡ್ಡು ಪೋಸ್ಟ್‌ಮ್ಯಾನೇ ಈಸ್ಕೊಂಡು ಕಳಿಸ್ತಾನೆ" ಅಂತ ದುಂಬಾಲು ಬಿದ್ದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ.

"ಬ್ಯಾರೆಯೋರು ನೋಡಕ್ಕಾಗಲ್ಲ ತಾನೆ?"

"ಇಲ್ಲಮ್ಮ. ನಿಮ್ ಥರಾನೇ ಒಬ್ಬೊಬ್ಬರಿಗೆ ಒಂದೊಂದು ನಂಬರು" ಅಂದೆ, ಬೀಗುತ್ತ.

ವೆಬ್‌ಸೈಟು ಚೆನ್ನಾಗಿಯೇ ನಡೆಯಿತು. ಅಂಗಡಿಗೆ ಬಂದು ಬಾಯಿಬಿಟ್ಟು ಹೇಳಲು ನಾಚುವವರು ಸೈಬರ್ ಸೆಂಟರಿನಲ್ಲಿ ಕೂತು ಬರೆದು ಕಳಿಸಿದರು. ತಿ. ನರಸೀಪುರದಿಂದಲೇ ಹತ್ತಾರು ಆರ್ಡರು ಬಂದವು. ನಾನು ಮೀಸೆಯೊಂದಿದ್ದರೆ ತಿರುವುತ್ತಿದ್ದೆನೇನೋ.

ಮೂರನೆಯ ತಿಂಗಳು, ಒಂದು ಬೆಳಿಗ್ಗೆ, ತಿ. ನರಸೀಪುರದ ಮೇಷ್ಟ್ರೊಬ್ಬರು ಅಮ್ಮನ ಅಂಗಡಿಗೆ ಬಂದರು. ನಾನೂ ಅಲ್ಲೇ ಇದ್ದೆ. ಮುಖ ಕೆಂಪಗಾಗಿದ್ದರೂ ಮಾತಾಡದೆ ಕಂಬಕ್ಕೆ ಒರಗಿ ನಿಂತರು. ಇದ್ದ ಮೂವರು ಗಿರಾಕಿಗಳು ಹೋಗುವ ತನಕ ಹಲ್ಲು ಕಚ್ಚಿಕೊಂಡು ಕಾದರು.

"ನಿನ್ನೆ ಯಾವನೋ ಫೋನ್ ಮಾಡವ್ನೆ ಕಣಮ್ಮ. ಮೂಲವ್ಯಾಧಿಗೆ ನಂಜನಗೂಡಿಂದ ಲೇಹ್ಯ ತರಿಸ್ಕತಿದ್ದೀರಂತೆ, ನಮ್ಮತ್ರ ಗ್ಯಾರಂಟಿ ಔಷ್ದಿ ಅದೆ ಅಂದ. ನನ್ ಹೆಂಡ್ತಿಗೇ ಗೊತ್ತಿಲ್ಲ ಈ ವಿಸ್ಯ. ಅವನ್ಗೆಂಗ್ ಗೊತ್ತಾಯ್ತು?"

ಅಮ್ಮ ನನ್ನ ಕಡೆ ನೋಡಿದರು. ನಾನು ನನ್ನ ಅಂಗಡಿಗೆ ಓಡಿ ಕಂಪ್ಯೂಟರ್ ಮುಂದೆ ಕೂತೆ. ಮೇಷ್ಟ್ರ ಆರ್ಡರಿನ ಪುಟ ತೆರೆದೆ. ಮೇಲಿನ ವಿಳಾಸದ ಸಾಲಿನ ಕೊನೆಯಲ್ಲಿ ಅವರ ನಂಬರು. ಅದನ್ನು ಅಳಿಸಿ, ಮುಂದಿನ ನಂಬರು ಹಾಕಿದೆ. ಇನ್ನೊಬ್ಬರ ಪುಟ ತೆರೆಯಿತು. ಹೆಸರು, ಊರು, ಫೋನು, ಔಷಧಿ, ಎಲ್ಲ. ಅದರ ಮುಂದಿನದೂ ತೆರೆಯಿತು. ಒಂದರಿಂದ ಹಿಡಿದು ಕೊನೆಯವರೆಗೆ ಯಾರು ಬೇಕಾದರೂ ಓದಿಕೊಳ್ಳಬಹುದಿತ್ತು. ಮೇಷ್ಟ್ರು ಎದ್ದುಹೋದ ಮೇಲೆ ಸೈಬರ್ ಸೆಂಟರಿನ ಅದೇ ಕುರ್ಚಿಯಲ್ಲಿ ಕೂತ ಯಾರೋ, ಅಲ್ಲೇ ಉಳಿದಿದ್ದ ಪುಟ ಕಂಡು, ನಂಬರು ಬದಲಿಸುತ್ತ ಎಲ್ಲವನ್ನೂ ಓದಿಕೊಂಡಿರಬೇಕು. ಅಮ್ಮನಿಂದ ನಂಬರನ್ನಷ್ಟೇ ಕಲಿತು, ಮುಖ ನೋಡುವುದನ್ನು ಬಿಟ್ಟಿದ್ದೆ. ಪಾಸ್‌ವರ್ಡ್ ಇಡಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ವೆಬ್‌ಸೈಟು ಮುಚ್ಚಿ, ಪಟ್ಟಿ ಪ್ರಿಂಟ್ ಹಾಕಿ ಕೊಟ್ಟೆ. ಅಮ್ಮನ ಬೆರಳು ಸಾಲುಸಾಲಾಗಿ ಇಳಿದು ಒಂದು ಕಡೆ ನಿಂತಿತು. ಮೂಗೂರಿನ ಒಂದು ಹುಡುಗಿ, ಬಾವಂಚಿ ಎಣ್ಣೆ. ಫೋನಿನ ಜಾಗದಲ್ಲಿ ನಂಬರಿನ ಮುಂದೆ ಪಿಪಿ ಅಂತಿತ್ತು. ಮನೆಯಲ್ಲಿ ಫೋನಿಲ್ಲದವರು ಆಗ ಪಕ್ಕದ ಮನೆಯ ನಂಬರು ಕೊಟ್ಟು ಹಾಗೆ ಬರೆಯುತ್ತಿದ್ದರು. ಪಾರ್ಸೆಲ್ಲು ಹೋಗುವುದು ಅಂಚೆಯಲ್ಲಿ, ಫೋನ್ ನಂಬರು ಯಾತಕ್ಕೆ ಬೇಕಿತ್ತು? ಅದನ್ನು ತುಂಬದಿದ್ದರೆ ಆರ್ಡರು ಮುಂದಕ್ಕೆ ಹೋಗದಂತೆ ಮಾಡಿದ್ದವಳೂ ನಾನೇ.

"ಸೊಂಟದ ಮೇಲೆ ಬಿಳಿ ಮಚ್ಚೆ ಈ ಮಗೀಗೆ. ಮುಂದಿನ್ ತಿಂಗ್ಳು ಮದ್ವೆ ಅಂತ ಆರ್ಡರ್ನಲ್ಲೇ ಬರ್ದಿತ್ತು. ಅವ್ನು ಆ ಫೋನ್ಗೆ ಮಾಡುದ್ರೆ ಪಕ್ಕದ್ಮನೆಯೋರೇ ಎತ್ತೋದು" ಅಂದರು ಅಮ್ಮ.

ನಾವು ಫೋನ್ ಮಾಡಿದರೂ ಎತ್ತುವವರು ಅವರೇ. ನೇರ ಹೋಗದೆ ದಾರಿಯಿರಲಿಲ್ಲ. ಅಮ್ಮ ಆಗಲೇ ಅಂಗಡಿಯ ಹಲಗೆ ಜೋಡಿಸುತ್ತಿದ್ದರು. ನಾನು ಅಡ್ಡ ನಿಂತೆ. "ಸೈಟ್ ಮುಚ್ಚಾಯ್ತಲ್ಲಮ್ಮ. ನಮ್ಮಿಂದ ಓಯ್ತು ಅಂತ ಯಾರಿಗೂ ಗೊತ್ತಾಗಲ್ಲ. ನಾವಾಗಿ ಯಾಕ್ ಓಗಿ ಹೇಳ್ಕೋಬೇಕು?"

"ಅವ್ರ ಗುಟ್ಟು ಓಗ್ಬುಟ್ಟದೆ. ಓಗ್ಬುಟ್ಟದೆ ಅಂತ ಅವ್ರಿಗೆ ಗೊತ್ತಾಗ್ಬೇಕಾ ಬ್ಯಾಡ್ವಾ?" ಅಷ್ಟೇ ಹೇಳಿ ಬೀಗ ಹಾಕಿದರು.

ತಿ. ನರಸೀಪುರದ ಬಸ್ಸು ಅಷ್ಟು ನಿಧಾನ ಹೋದದ್ದನ್ನು ನಾನು ಕಂಡಿಲ್ಲ. ದಾರಿಯಲ್ಲಿ ಕೈ ಅಡ್ಡ ಹಿಡಿದವರಿಗೆಲ್ಲ ಡ್ರೈವರು ನಿಲ್ಲಿಸಿದ. ತಿ. ನರಸೀಪುರದಲ್ಲಿ ಇಳಿದು ಮೂಗೂರಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆವು. ನಿಲ್ದಾಣದ ಎದುರೇ ಆ ಸೈಬರ್ ಸೆಂಟರು. ಒಳಗೆ ಕೂತಿದ್ದ ಪ್ರತಿಯೊಬ್ಬನ ಬೆನ್ನೂ ನನಗೆ ಕಳ್ಳನ ಬೆನ್ನಾಗಿಯೇ ಕಂಡಿತು. ಅಮ್ಮ ಒಂದು ತೊಟ್ಟು ನೀರೂ ಕುಡಿಯಲಿಲ್ಲ. ಗಳಿಗೆಗೊಮ್ಮೆ "ಇನ್ನೂ ಮಾಡಿರಕ್ಕಿಲ್ಲ ಬುಡು" ಅನ್ನುತ್ತಿದ್ದರು. ಅದು ನನಗೆ ಹೇಳುತ್ತಿದ್ದದ್ದಲ್ಲ.

ಮೂಗೂರಿನಲ್ಲಿ ಮನೆ ಹುಡುಕಿಕೊಂಡು ಹೋದಾಗ ಪಕ್ಕದ ಮನೆಯ ಜಗಲಿಯಲ್ಲಿ ಒಬ್ಬಾಕೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಬೀದಿಗೆಲ್ಲ ಕೇಳುವಂತೆ ಅಂದಳು: "ನೀವೂನೂವೆ ಮಚ್ಚೆ ಔಷ್ದಿಯೋರಾ?"

ಅಮ್ಮ ಅಲ್ಲೇ ಗೋಡೆ ಹಿಡಿದುಕೊಂಡರು.

ಒಳಗೆ ಹುಡುಗಿ ಮೂಲೆಯಲ್ಲಿ ಮೊಣಕಾಲಿಗೆ ಮುಖ ಕೊಟ್ಟು ಕೂತಿದ್ದಳು. ಫೋನು ಬೆಳಿಗ್ಗೆಯೇ ಬಂದಿತ್ತಂತೆ. ಅಮ್ಮ ನೆಲದ ಮೇಲೆ ಅವಳೆದುರು ಕೂತು, ಆದದ್ದನ್ನು ಒಂದೂ ಬಿಡದೆ ಹೇಳಿದರು. ಹುಡುಗಿಯ ತಾಯಿ ಕಿರುಚಿದಳು. "ಯಾವ ಮನೆಹಾಳ್ರು ಮಾಡಿದ್ದು ಈ ಕೆಲ್ಸವ? ಹೆಸ್ರೇಳಿ!"

"ನಾನೆ ಕಣವ್ವ. ಅಂಗ್ಡಿ ನಂದು."

ಅರವತ್ತು ದಾಟಿದ ಹೆಂಗಸು ಇಪ್ಪತ್ತರ ಹುಡುಗಿಗೆ ಕೈ ಮುಗಿದಳು. ನಾನು ಬಾಗಿಲ ಬಳಿ ವ್ಯಾನಿಟಿ ಬ್ಯಾಗು ಅಪ್ಪಿಕೊಂಡು ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಆ ನಾಚಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಬೈಗುಳಕ್ಕೆ ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅಮ್ಮ ಅಂದದ್ದಿಷ್ಟು: "ಇನ್ಮುಂದೆ ಯಾರ್ಗಾರ ಮಾಡ್ಕೊಡ್ವಾಗ, ಮೊದ್ಲು ನೀನೇ ಒಂದ್ಸಲ ಕಳ್ಳನಂಗೆ ಕೂತ್ಕಂಡು ನೋಡು ಮಗ."

ಮರುದಿನ ನನ್ನ ಅಂಗಡಿಯ ಫೋನಿನಿಂದ ಉಳಿದವರಿಗೆಲ್ಲ ಆಕೆಯೇ ಮಾತಾಡಿದರು. ಬೈದವರ ಬೈಗುಳ ಮುಗಿಯುವ ತನಕ ರಿಸೀವರ್ ಕೆಳಗಿಡಲಿಲ್ಲ. ವಾರದೊಳಗೆ ಮೂಗೂರಿನ ಮದುವೆ ಮುರಿಯಿತು. ಆಮೇಲೆ ತಿಂಗಳಿಗೊಮ್ಮೆ ಅಮ್ಮ ಎಣ್ಣೆಯ ಸೀಸೆಯನ್ನು ಸೆರಗಲ್ಲಿ ಮುಚ್ಚಿಕೊಂಡು ಮೂಗೂರಿನ ಬಸ್ಸು ಹತ್ತುತ್ತಿದ್ದರು. ನನ್ನನ್ನು ಕರೆಯಲಿಲ್ಲ, ನಾನೂ ಬರುತ್ತೇನೆ ಅನ್ನಲಿಲ್ಲ. ಅಂಗಡಿಗಳಿಗೆ ವೆಬ್‌ಸೈಟು ಮಾಡಿಕೊಡುವುದೇ ಮುಂದೆ ನನ್ನ ಕಸುಬಾಯಿತು. ಇವತ್ತಿಗೂ ಗಿರಾಕಿಯ ಒಂದು ಹೆಸರು ಅದರೊಳಗೆ ಹೋಗುವ ಮುಂಚೆ ಕಳ್ಳಿಯಾಗಿ ಕೂತು ಪ್ರತಿ ಬಾಗಿಲನ್ನೂ ಒದ್ದು ನೋಡುತ್ತೇನೆ. ಬೇಡದ ವಿವರ ಕೇಳುವುದಿಲ್ಲ. ನನ್ನ ಅನ್ನ ಆಕೆ ಕೊಟ್ಟದ್ದು.

ಐದು ವರ್ಷದ ನಂತರ ಅಮ್ಮ ಲಿಂಗೈಕ್ಯರಾದರು. ಸುತ್ತಲ ಹಳ್ಳಿಗಳಿಂದ ಜನ ಬಂದರು. ಅಮ್ಮ ನಿಮಗೆ ಹೇಗೆ ಪರಿಚಯ ಅಂತ ಒಬ್ಬರನ್ನೊಬ್ಬರು ಕೇಳಲಿಲ್ಲ. ಸಮಾಧಿಗೆ ಮಣ್ಣು ಹಾಕಿ ಬರುವಾಗ ಆ ಹುಡುಗಿ ನನ್ನನ್ನು ಗುರುತು ಹಿಡಿದಳು. ಕತ್ತಿನಲ್ಲಿ ತಾಳಿ ಇರಲಿಲ್ಲ.

"ಅವತ್ತು ಅಮ್ಮನ ಜೊತೆ ಬಂದಿದ್ದೋರಲ್ವಾ? ಅದ ಮಾಡಿದ್ದು ಯಾರು ಅಂತ ಎಷ್ಟ್ ಸಲ ಕೇಳುದ್ರೂ ಅವ್ರು ಯೋಳ್ನಿಲ್ಲ. ‘ನನ್ ಅಂಗ್ಡಿ’ ಅಂತಿದ್ರು ಅಷ್ಟೆ."

ಅಂದು ನುಂಗಿಕೊಂಡ ಮಾತು ಈಗ ಹೊರಬಂತು. "ನಾನು ಮಾಡಿದ್ದು" ಅಂದೆ.

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಿರುಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಊರವರ ಅಷ್ಟೊಂದು ಗುಟ್ಟುಗಳ ಜೊತೆ ನನ್ನದೊಂದನ್ನೂ ಅಮ್ಮ ಕೊನೆಯ ತನಕ ಕಾದಿದ್ದರು. ಅದನ್ನು ಬಿಟ್ಟುಕೊಡಬೇಕಾದವಳು ನಾನೊಬ್ಬಳೇ ಆಗಿದ್ದೆ.